ತೂಕ ಮಾತ್ರ ನೋಡಿದ್ರೆ ಸಾಲದು, ಹೊಟ್ಟೆಯ ಸುತ್ತಳತೆಯೂ ಗೊತ್ತಿರಲಿ

ಮೊಣಕಾಲು ನೋವು, ಸುಸ್ತು, ಏದುಸಿರು, ಗೊರಕೆ... ಕುಟುಂಬ ವೈದ್ಯರ ಬಳಿ ಹೋಗುವ ಅನೇಕರು ಹೇಳಿಕೊಳ್ಳುವ ತೊಂದರೆಗಳಿವು. ಇವುಗಳ ಹಿಂದೆ ಹೆಚ್ಚಿದ ತೂಕವೂ ಇರಬಹುದು. ಆದರೆ "ತೂಕ ಜಾಸ್ತಿಯಾಗಿದೆ ಡಾಕ್ಟ್ರೇ" ಅಂತ ಹೇಳಿಕೊಂಡು ಹೋಗುವವರು ಕಡಿಮೆ.

ಇದು ಪೇಟೆಯವರ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ತಮಿಳುನಾಡಿನಲ್ಲಿ ಶೇ.40ರಷ್ಟು, ಕರ್ನಾಟಕದಲ್ಲಿ ಶೇ.30ರಷ್ಟು ಮಹಿಳೆಯರ ತೂಕ ಮಿತಿಗಿಂತ ಹೆಚ್ಚು. ಈರೋಡ್ ಜಿಲ್ಲೆಯ ತಾಳವಾಡಿ ಬೆಟ್ಟದ ಗುಮಟಾಪುರದಂಥ ಗಡಿಯ ಕನ್ನಡ ಊರುಗಳಿಗೂ ಇದು ಸಂಬಂಧಿಸಿದ ವಿಷಯ. ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೆ ಹೋಗಬೇಕು, ಇಲ್ಲವೇ ರಾಜ್ಯದ ಗಡಿ ದಾಟಿ ಚಾಮರಾಜನಗರಕ್ಕೆ ಬರಬೇಕು. ಇಂಥ ಕಡೆ ಹೃದಯಾಘಾತವೋ ಪಾರ್ಶ್ವವಾಯುವೋ ಆದ ಮೇಲೆ ಓಡುವುದಕ್ಕಿಂತ ಮೊದಲೇ ತಪಾಸಣೆ ಮಾಡಿಸಿಕೊಳ್ಳುವುದೇ ಜಾಣತನ.

ಹಾಗಾದ್ರೆ ಎಷ್ಟು ತೂಕ ಹೆಚ್ಚು? ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವುದೇ ಬಿಎಂಐ. ಭಾರತೀಯರಿಗೆ ಅದು 23 ದಾಟಿದರೆ ಎಚ್ಚರಿಕೆ, 25 ದಾಟಿದರೆ ಬೊಜ್ಜು. 160 ಸೆಂ.ಮೀ. ಎತ್ತರದವರಿಗೆ 59 ಕಿಲೋ ಎಚ್ಚರಿಕೆಯ ಗೆರೆ, 64 ಕಿಲೋ ಬೊಜ್ಜಿನ ಗೆರೆ.

ಆದರೆ ಈ ಲೆಕ್ಕವೂ ಪೂರ್ತಿ ಸತ್ಯ ಹೇಳುವುದಿಲ್ಲ. ಪುಣೆಯ ವೈದ್ಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಜಾನ್ ಯುಡ್ಕಿನ್ ಇಬ್ಬರ ಬಿಎಂಐ ಕೂಡ 22.3. ಆದರೆ ದೇಹದ ಕೊಬ್ಬು ಅಳೆದಾಗ ಯುಡ್ಕಿನ್‌ಗೆ ಶೇ.9, ಯಾಜ್ಞಿಕ್‌ಗೆ ಶೇ.21! 2004ರಲ್ಲಿ ಇದನ್ನು ಅವರೇ ಪ್ರಕಟಿಸಿದರು. ನಮ್ಮವರು ನೋಡಲು ತೆಳ್ಳಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಸೇರಿರಬಹುದು. ಆ ಕೊಬ್ಬು ಇನ್ಸುಲಿನ್ ಕೆಲಸಕ್ಕೆ ಅಡ್ಡಿಯಾಗುತ್ತದೆ. ಸಕ್ಕರೆ, ರಕ್ತದೊತ್ತಡ ಏರುತ್ತವೆ, ಯಕೃತ್ತಿನಲ್ಲೂ ಕೊಬ್ಬು ತುಂಬಿಕೊಳ್ಳುತ್ತದೆ.

ಅದಕ್ಕೇ ಟೇಪ್ ಹಿಡಿಯಿರಿ. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟಾಗ ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಿದ್ದರೆ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ.

ಹೆದರಬೇಕಿಲ್ಲ. ಒಂದು ಕಿಲೋ ಇಳಿದರೂ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ. ಚೆನ್ನೈಯ ಡಾ. ಎ. ರಾಮಚಂದ್ರನ್ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಧುಮೇಹದ ಅಂಚಿನಲ್ಲಿದ್ದವರು ಊಟ ಹತೋಟಿಗೆ ತಂದು ದಿನಾ ನಡೆದಾಗ ರೋಗ ಬರುವ ಸಾಧ್ಯತೆ ಶೇ.28ರಷ್ಟು ತಗ್ಗಿತು, ತೂಕ ಹೆಚ್ಚೇನೂ ಇಳಿಯದಿದ್ದರೂ!

ತಮಿಳುನಾಡಿನಲ್ಲಿ 2021ರಿಂದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಡಿ ಬಿಪಿ, ಸಕ್ಕರೆ ತಪಾಸಣೆ ಮತ್ತು ಮಾತ್ರೆ ಮನೆಬಾಗಿಲಿಗೇ ಬರುತ್ತಿದೆ. ಕರ್ನಾಟಕದಲ್ಲಿ 'ಗೃಹ ಆರೋಗ್ಯ' ಇದೆ. ಬಂದವರನ್ನು "ನಮಗೇನೂ ಇಲ್ಲ" ಅಂತ ವಾಪಸ್ ಕಳಿಸಬೇಡಿ. ಮುಂದಿನ ಸಲ ಜ್ವರಕ್ಕೆ ವೈದ್ಯರ ಬಳಿ ಹೋದಾಗಲೂ ತೂಕ, ಹೊಟ್ಟೆಯ ಸುತ್ತಳತೆ, ಬಿಪಿ ಮೂರನ್ನೂ ನೋಡಿಸಿಕೊಂಡೇ ಬನ್ನಿ. ಈಗಾಗಲೇ ಮಾತ್ರೆ ಸೇವಿಸುತ್ತಿರುವವರು ತೂಕ ಇಳಿಯಿತೆಂದು ತಾವಾಗಿಯೇ ನಿಲ್ಲಿಸಬಾರದು, ವೈದ್ಯರನ್ನು ಕೇಳಲೇಬೇಕು.