ಅಂಬಲಿಯೂ ಕರುಳಿನ ಜೀವಕೋಟಿಯೂ

ತಾಳಮಲೆಯ ಸೀಮೆಯ ಓದುಗರೊಬ್ಬರು ಕೇಳಿರುವ ಪ್ರಶ್ನೆಯೇ ಈ ಲೇಖನಕ್ಕೆ ನಿಮಿತ್ತ. ಪೇಟೆಯ ಅಂಗಡಿಗಳಲ್ಲಿ 'ಪ್ರಿಬಯೋಟಿಕ್ ಗಿಡಮೂಲಿಕೆ ಪಾನೀಯ'ವೆಂಬ ಹೆಸರು ಹೊತ್ತು, ರೋಗನಿರೋಧಕ ಶಕ್ತಿಯನ್ನು ವರ್ಧಿಸುವ ಭರವಸೆಯೊಡನೆ ಮಾರಾಟವಾಗುತ್ತಿರುವ ಪುಡಿಗಳನ್ನು ಕೊಳ್ಳುವುದಕ್ಕೆ ಬದಲಾಗಿ, ಮಲೆಯಲ್ಲಿಯೂ ಹೊಲದಲ್ಲಿಯೂ ದೊರೆಯುವ ಪದಾರ್ಥಗಳಿಂದಲೇ ಅಂಥದೊಂದನ್ನು ಮನೆಯಲ್ಲಿ ಸಿದ್ಧಪಡಿಸಿಕೊಳ್ಳಬಹುದೇ ಎಂಬುದು ಅವರ ಜಿಜ್ಞಾಸೆ. ಬಣ್ಣಾರಿಯಿಂದ ದಿಂಬದ ಘಟ್ಟದ 27 ತಿರುವುಗಳನ್ನೇರಿ ಬಂದವರಿಗೆ ಕಾಣುವ, ಆಡಳಿತದಲ್ಲಿ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದರೂ ಮನೆಮಾತಿನಲ್ಲಿ ಕನ್ನಡವನ್ನೇ ಉಳಿಸಿಕೊಂಡಿರುವ ಆ ಪ್ರಸ್ಥಭೂಮಿಯ ಜನರಿಗೆ ನಾನು ಕೊಡಬಹುದಾದ ಉತ್ತರ ಸಂಕ್ಷಿಪ್ತವಾದದ್ದು: ಅವಶ್ಯವಾಗಿ ಮಾಡಬಹುದು; ಆದರೆ ಅದರ ಪ್ರಧಾನ ದ್ರವ್ಯವು ಮೂಲಿಕೆಯಲ್ಲ, ರಾಗಿ. ಹೀಗೇಕೆಂಬುದನ್ನು ಕೊಂಚ ವಿಸ್ತಾರವಾಗಿ ನಿರೂಪಿಸಬೇಕಾಗಿದೆ.

2020ರ ಮಹಾಮಾರಿಯ ದಿನಗಳಲ್ಲಿ ಕೇಂದ್ರದ ಆಯುಷ್ ಸಚಿವಾಲಯವು ತುಲಸಿ, ದಾಲ್ಚಿನ್ನಿ, ಕರಿಮೆಣಸು, ಒಣಶುಂಠಿ, ಒಣದ್ರಾಕ್ಷಿಗಳ ಕಷಾಯವನ್ನು ಸೇವಿಸಬೇಕೆಂದು ಸಲಹೆಯಿತ್ತುದೂ, ತಮಿಳುನಾಡಿನಲ್ಲಿ ಸಿದ್ಧವೈದ್ಯದ ಹದಿನೈದು ದ್ರವ್ಯಗಳ ಕಬಸುರ ಕುಡಿನೀರು ಊರೂರುಗಳಲ್ಲಿ ಹಂಚಲ್ಪಟ್ಟುದೂ ಎಲ್ಲರ ನೆನಪಿನಲ್ಲಿರುವ ಸಂಗತಿಗಳೇ. ಗಂಟಲಿಗೆ ಬಿಸಿಯಾದ ಕಷಾಯವು ಹಿತವನ್ನುಂಟುಮಾಡುವುದರಲ್ಲಿ ಸಂದೇಹವಿಲ್ಲ. ಆದರೆ ಕಷಾಯವೆಂಬುದು ಕುದಿಸಿ, ಸೋಸಿ ಕುಡಿಯುವ ವಸ್ತು. ಅದರಲ್ಲಿ ಪರಿಮಳವೂ ಕಟುರಸವೂ ನೀರಿಗಿಳಿಯುತ್ತವೆ, ಕರಗದ ನಾರೆಲ್ಲವೂ ಚರಟದೊಡನೆ ಹೊರಗೆ ಬೀಳುತ್ತದೆ, ನಾಲ್ಕು ಎಸಳು ತುಲಸಿಯಿಂದಲೂ ಒಂದು ಚೂರು ಶುಂಠಿಯಿಂದಲೂ ನೀರಿನಲ್ಲಿ ಕರಗಿ ಬರಬಹುದಾದ ನಾರಿನ ಪ್ರಮಾಣವಂತೂ ಅತ್ಯಲ್ಪ. ಪ್ರಿಬಯೋಟಿಕ್ ಎಂಬ ವಿಶೇಷಣವು ಸಲ್ಲುವುದು ಬಹುಮಟ್ಟಿಗೆ ಆ ನಾರಿಗೆ. ನಮ್ಮ ಜೀರ್ಣರಸಗಳಿಗೆ ಒಳಗಾಗದೆ ದೊಡ್ಡ ಕರುಳನ್ನು ಮುಟ್ಟಿ, ಅಲ್ಲಿ ನೆಲಸಿರುವ ಹಿತಕಾರಿ ಸೂಕ್ಷ್ಮಜೀವಿಗಳಿಗೆ ಆಹಾರವಾಗುವ ಪದಾರ್ಥವೆಂದು ಪ್ರಿಬಯೋಟಿಕ್ಕನ್ನು 1995ರಲ್ಲಿ ಮೊದಲಿಗೆ ನಿರೂಪಿಸಿದವರು ಬ್ರಿಟನ್ನಿನ ಗ್ಲೆನ್ ಗಿಬ್ಸನ್ ಮತ್ತು ಬೆಲ್ಜಿಯಮ್ಮಿನ ಮಾರ್ಸೆಲ್ ರಾಬರ್‌ಫ್ರಾಯ್ಡ್.

ದನಕರುಗಳನ್ನು ಸಾಕಿ ಬಲ್ಲ ಜನಕ್ಕೆ ಈ ವಿಷಯವು ಕೊಟ್ಟಿಗೆಯ ದೃಷ್ಟಾಂತದಿಂದ ಸುಲಭವಾಗಿ ಮನದಟ್ಟಾಗುತ್ತದೆ. ರಾಗಿಹುಲ್ಲನ್ನು ಮನುಷ್ಯನು ತಿಂದು ಬದುಕಲಾರನು. ಹಸುವು ಅದನ್ನು ತಿಂದು, ಮನುಷ್ಯನಿಗೆ ಬೇಕಾದ ಹಾಲನ್ನು ಕೊಡುತ್ತದೆ. ನಮ್ಮ ದೊಡ್ಡ ಕರುಳೂ ಅಂಥದೊಂದು ಕೊಟ್ಟಿಗೆ. ಅಲ್ಲಿರುವ ಕೋಟ್ಯನುಕೋಟಿ ಜೀವಿಗಳು ನಮಗೆ ಅರಗದ ನಾರನ್ನು ಹುದುಗಿಸಿ, ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಎಂಬ ಆಮ್ಲಗಳನ್ನು ನಮಗೆ ಸಲ್ಲಿಸುತ್ತವೆ. ದೊಡ್ಡ ಕರುಳಿನ ಒಳಪದರದ ಕೋಶಗಳು ತಮ್ಮ ಶಕ್ತಿಯ ಬಹುಭಾಗವನ್ನು ಪಡೆಯುವುದು ಈ ಬ್ಯುಟಿರಿಕ್ ಆಮ್ಲದಿಂದಲೇ. ಪ್ರೊಬಯೋಟಿಕ್ ಎಂದು ಮಾರಲ್ಪಡುವ ಜೀವಂತ ಸೂಕ್ಷ್ಮಜೀವಿಗಳು ಸಂತೆಯಿಂದ ಹೊಸದಾಗಿ ಹಿಡಿದುತಂದ ರಾಸುಗಳಾದರೆ, ಪ್ರಿಬಯೋಟಿಕ್ ಎಂಬುದು ಕೊಟ್ಟಿಗೆಯಲ್ಲಿ ಮೊದಲೇ ಕಟ್ಟಿರುವ ರಾಸುಗಳಿಗೆ ಹಾಕುವ ಮೇವು. ಮೇವಿಲ್ಲದ ಮನೆಗೆ ರಾಸನ್ನು ಎಷ್ಟು ತಂದರೂ ಅದು ನಿಲ್ಲಲಾರದಷ್ಟೆ. ಮೇವು ತಪ್ಪಿದಾಗ ಹಸಿದ ದನವು ಕೊಟ್ಟಿಗೆಯ ಹುಲ್ಲುಮಾಡಿಗೇ ಬಾಯಿಹಾಕುವುದುಂಟು. ಇದಕ್ಕೆ ಸದೃಶವಾದ ವಿದ್ಯಮಾನವನ್ನು ಅಮೆರಿಕದ ಮಿಷಿಗನ್ ಮತ್ತು ಯೂರೋಪಿನ ಲಕ್ಸೆಂಬರ್ಗಿನ ಸಂಶೋಧಕರು 2016ರಲ್ಲಿ ಇಲಿಗಳಲ್ಲಿ ಕಂಡರು. ಆಹಾರದಿಂದ ನಾರನ್ನು ತೆಗೆದುಹಾಕಿದಾಗ, ಆ ಇಲಿಗಳ ಕರುಳಿನ ಬ್ಯಾಕ್ಟೀರಿಯಗಳು ಕರುಳಿನ ಗೋಡೆಯನ್ನು ಕಾಪಾಡುವ ಲೋಳೆಯ ಪದರವನ್ನೇ ತಿಂದು ತೆಳುವಾಗಿಸಿದುವು. ರೋಗಾಣುವಿಗೆ ಒಳದಾರಿ ಸುಗಮವಾಯಿತು.

ಕರುಳಿಗೂ ರೋಗನಿರೋಧಕ್ಕೂ ಇರುವ ಈ ಬಾಂಧವ್ಯದ ಇತಿಹಾಸದಲ್ಲಿ ನನ್ನ ಮನಸ್ಸನ್ನು ಬಹುವಾಗಿ ಸೆಳೆದಿರುವ ವ್ಯಕ್ತಿ ಇಲ್ಯಾ ಮೆಚ್ನಿಕಾಫ್. ರಷ್ಯನ್ ಸಾಮ್ರಾಜ್ಯದ ಪ್ರಜೆಯಾಗಿದ್ದ ಆತನು 1882ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿದ್ದಾಗ, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗಳ ದೇಹದೊಳಗೆ ಗುಲಾಬಿಯ ಮುಳ್ಳುಗಳನ್ನು ತೂರಿಸಿ, ಮರುದಿನ ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸಿದಾಗ, ಚಲಿಸಬಲ್ಲ ಕೋಶಗಳು ಆ ಮುಳ್ಳುಗಳನ್ನು ಸುತ್ತುಗಟ್ಟಿದ್ದುದನ್ನು ಕಂಡನು. ದೇಹದೊಳಕ್ಕೆ ನುಗ್ಗಿದ ಅನ್ಯವಸ್ತುವನ್ನು ನುಂಗಿ ನಾಶಪಡಿಸುವ ಭಕ್ಷಕಕೋಶಗಳ ಸಿದ್ಧಾಂತವು ಮೊಳೆತದ್ದು ಆ ಪ್ರಯೋಗದಿಂದ. 1908ರಲ್ಲಿ ಪಾಲ್ ಅರ್ಲಿಕ್‌ನೊಡನೆ ಆತನಿಗೆ ನೊಬೆಲ್ ಪಾರಿತೋಷಕವು ಸಂದದ್ದೂ ಅದಕ್ಕಾಗಿಯೇ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಕಳೆದ ಉತ್ತರಾಯುಷ್ಯದಲ್ಲಿ ಆತನು ಕರುಳಿನತ್ತ ಗಮನಹರಿಸಿ, ಅಲ್ಲಿನ ಕೊಳೆಸುವ ಜೀವಿಗಳೇ ವಾರ್ಧಕ್ಯಕ್ಕೆ ಕಾರಣವೆಂದೂ, ಹುಳಿಹಾಲಿನ ಜೀವಿಗಳು ಅವನ್ನು ಹತ್ತಿಕ್ಕಬಲ್ಲುವೆಂದೂ ಪ್ರತಿಪಾದಿಸಿದನು. ನಿರೋಧಶಕ್ತಿಯನ್ನೂ ಕರುಳಿನ ಜೀವಿಗಳನ್ನೂ ಒಬ್ಬನೇ ಮನುಷ್ಯನು ಅಧ್ಯಯನ ಮಾಡಿದರೂ, ಇವೆರಡರ ನಡುವಿನ ಸೇತುವೆಯು ಸ್ಪಷ್ಟವಾಗಿ ಗೋಚರಿಸಲು ಇನ್ನೊಂದು ಶತಮಾನವೇ ಕಳೆಯಬೇಕಾಯಿತು.

ನಾರು ಹುದುಗಿ ಹುಟ್ಟುವ ಆಮ್ಲಗಳು, ನಿರೋಧವ್ಯವಸ್ಥೆಯ ಅತಿರೇಕವನ್ನು ಹತೋಟಿಯಲ್ಲಿಡುವ ನಿಯಂತ್ರಕ ಟಿ-ಕೋಶಗಳ ಬೆಳವಣಿಗೆಗೆ ಪ್ರೇರಕವಾಗುತ್ತವೆಂಬುದನ್ನು 2013ರಲ್ಲಿ ಜಪಾನಿನ ಸಂಶೋಧಕರೂ ಅಮೆರಿಕದ ಎರಡು ತಂಡಗಳೂ ಪ್ರತ್ಯೇಕವಾಗಿ ಇಲಿಗಳಲ್ಲಿ ತೋರಿಸಿಕೊಟ್ಟರು. ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ನಿರೋಧಶಕ್ತಿಯನ್ನು ಎಷ್ಟು ಹೆಚ್ಚಿಸಿದರೆ ಅಷ್ಟು ಲೇಸೆಂಬ ಜಾಹೀರಾತಿನ ಭಾವನೆಯು ಶಾಸ್ತ್ರಸಮ್ಮತವಲ್ಲ. ಸಂಧಿವಾತದ ಕೆಲವು ಬಗೆಗಳಲ್ಲಿಯೂ ಅಲರ್ಜಿಯಲ್ಲಿಯೂ ದೇಹಕ್ಕೆ ಬಾಧೆಯಾಗುವುದು ಆ ಶಕ್ತಿಯ ಕೊರತೆಯಿಂದಲ್ಲ, ಅನುಚಿತವಾದ ಉದ್ರೇಕದಿಂದ. ನಾರಿನ ಉಪಕಾರವು ಮುಖ್ಯವಾಗಿ ಸಮತೋಲಕ್ಕೆ ಸಂಬಂಧಪಟ್ಟದ್ದು.

ಮನುಷ್ಯರ ಮೇಲಿನ ಪ್ರಯೋಗಗಳು ಹೆಚ್ಚು ಸಂಯಮದ ಮಾತನ್ನು ಹೇಳುತ್ತವೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ತಂಡವೊಂದು 36 ಮಂದಿ ಆರೋಗ್ಯವಂತರನ್ನು ಎರಡು ಗುಂಪಾಗಿ ವಿಂಗಡಿಸಿ, ಹತ್ತು ವಾರ ಒಂದು ಗುಂಪಿಗೆ ನಾರು ಹೇರಳವಾಗಿರುವ ಆಹಾರವನ್ನೂ ಇನ್ನೊಂದಕ್ಕೆ ಮೊಸರು ಮೊದಲಾದ ಹುದುಗಿಸಿದ ಆಹಾರವನ್ನೂ ಸೂಚಿಸಿತು. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಹುದುಗಿದ ಆಹಾರವನ್ನುಂಡವರಲ್ಲಿ ಕರುಳಿನ ಜೀವವೈವಿಧ್ಯವು ಹೆಚ್ಚಿ, ಉರಿಯೂತವನ್ನು ಸೂಚಿಸುವ 19 ಪ್ರೋಟೀನುಗಳು ತಗ್ಗಿದುವು. ನಾರನ್ನುಂಡವರಲ್ಲಿ ಒಟ್ಟಾರೆಯಾಗಿ ವೈವಿಧ್ಯವು ಬದಲಾಗಲಿಲ್ಲ. ಅಲ್ಪಾವಧಿಯಲ್ಲಿ, ಸ್ವಲ್ಪವೇ ಜನರಲ್ಲಿ ನಡೆದ ಈ ಪ್ರಯೋಗದಿಂದ ನಾರು ನಿಷ್ಪ್ರಯೋಜಕವೆಂದು ತೀರ್ಮಾನಿಸಲಾಗದು; ಹುಳಿಯೂ ನಾರೂ ಒಂದೇ ಬಟ್ಟಲಿನಲ್ಲಿ ಕೂಡುವುದಾದರೆ ಅದು ವಿವೇಕದ ಮಾರ್ಗವೆಂದು ಮಾತ್ರ ನಾನು ಹೇಳಬಲ್ಲೆ.

ರಾಗಿ ಅಂಬಲಿಯಲ್ಲಿ ನಡೆಯುವುದು ಇದೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ ನೂರು ಗ್ರಾಂ ರಾಗಿಯಲ್ಲಿ ನಾರು 11 ಗ್ರಾಂಗಿಂತ ತುಸು ಮಿಗಿಲು. ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಇದರ ಜೊತೆಗೆ, ಬೇಯಿಸಿ ಆರಿಸಿದ ಪಿಷ್ಟದ ಒಂದಂಶವು ಮತ್ತೆ ಗಟ್ಟಿಯಾಗಿ ಜೀರ್ಣರಸಕ್ಕೆ ಮಣಿಯದಂತಾಗುತ್ತದೆ. ನಿರೋಧಕ ಪಿಷ್ಟವೆಂದು 1980ರ ದಶಕದಲ್ಲಿ ಹೆಸರಾದ ಅದೂ ಕರುಳಿನ ಜೀವಿಗಳಿಗೆ ಮೇವೇ. ರಾತ್ರಿಯ ತಂಗಳು ಮುದ್ದೆಯನ್ನು ಬೆಳಗ್ಗೆ ಮಜ್ಜಿಗೆಯಲ್ಲಿ ಕಿವುಚಿ ಕುಡಿದು ಹೊಲಕ್ಕೆ ಹೊರಡುತ್ತಿದ್ದ ಹಿರಿಯರು ಈ ತತ್ತ್ವವನ್ನು ಅನುಭವದಲ್ಲಿ ಇರಿಸಿಕೊಂಡಿದ್ದರು.

ಮಾಡುವ ವಿಧಾನವಿದು. ಒಬ್ಬರಿಗೆ ಸುಮಾರು 30 ಗ್ರಾಂ, ಎಂದರೆ ಮೂರು ದೊಡ್ಡ ಚಮಚದಷ್ಟು, ಜರಡಿ ಹಿಡಿಯದ ರಾಗಿಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಮಣ್ಣಿನ ಅಥವಾ ಸ್ಟೀಲಿನ ಪಾತ್ರೆಯಲ್ಲಿ ಮುಚ್ಚಿ, ರಾತ್ರಿಯೆಲ್ಲ ಹುಳಿಯಲು ಬಿಡಬೇಕು. ಬೆಳಗ್ಗೆ ಕುದಿಯುವ ನೀರಿಗೆ ಅದನ್ನು ಸುರಿದು, ಕೈಬಿಡದೆ ತಿರುವುತ್ತ ಹಸಿವಾಸನೆ ಹೋಗುವವರೆಗೆ ಬೇಯಿಸಿ, ಸಂಪೂರ್ಣವಾಗಿ ಆರಿದ ಮೇಲೆ ಉಪ್ಪನ್ನೂ ಕಡೆದ ಮಜ್ಜಿಗೆಯನ್ನೂ ಬೆರೆಸಬೇಕು. ಬೇಯಿಸುವಾಗ ಹುಳಿಸಿದ ಜೀವಿಗಳು ಸಾಯುವುದರಿಂದ, ಜೀವಂತ ಜೀವಿಗಳು ಬರುವುದು ಮಜ್ಜಿಗೆಯಿಂದ. ಆದಕಾರಣ ಬಿಸಿಯಿರುವಾಗ ಅದನ್ನು ಹಾಕಲಾಗದು. ಹಸಿಯಾಗಿ ಹೆಚ್ಚಿದ ಸಣ್ಣೀರುಳ್ಳಿಯನ್ನು ಸೇರಿಸುವುದು ರುಚಿಗೆ ಮಾತ್ರವಲ್ಲ. ಈರುಳ್ಳಿ, ಬೆಳ್ಳುಳ್ಳಿಗಳಲ್ಲಿರುವ ಫ್ರಕ್ಟಾನುಗಳು ಪ್ರಿಬಯೋಟಿಕ್‌ಗಳಲ್ಲಿ ಅತ್ಯಂತ ಚೆನ್ನಾಗಿ ಪರೀಕ್ಷಿತವಾದ ವರ್ಗಕ್ಕೆ ಸೇರಿದವು. ಹೊಟ್ಟೆಯುಬ್ಬರದ ತೊಂದರೆಯುಳ್ಳವರು ಇವನ್ನು ಬಿಟ್ಟು, ಅಂಬಲಿಯನ್ನು ಅರ್ಧ ಲೋಟದಿಂದ ಆರಂಭಿಸುವುದು ಒಳ್ಳೆಯದು.

ಶುಂಠಿ, ಕರಿಬೇವು, ಒಂದು ಚಿಟಿಕೆ ಅರಿಸಿನ, ನೆಲ್ಲಿಯ ರಸ ಇವುಗಳ ಸ್ಥಾನ ಇದರ ನಂತರದ್ದು. ಇವುಗಳಲ್ಲಿರುವ ಪಾಲಿಫೀನಾಲುಗಳೂ ಬಹುಭಾಗ ಅರಗದೆ ದೊಡ್ಡ ಕರುಳನ್ನು ತಲುಪಿ ಅಲ್ಲಿನ ಜೀವಿಗಳೊಡನೆ ವ್ಯವಹರಿಸುತ್ತವೆಂಬುದು ನಿಜ; ಆದರೆ ಚಿಟಿಕೆಯ ಪ್ರಮಾಣದಿಂದ ಮಹತ್ಫಲವನ್ನು ನಿರೀಕ್ಷಿಸಲಾಗದು. ಮಾಗಳಿ ಬೇರನ್ನು ಕುರಿತು ಒಂದು ಮಾತನ್ನು ಕಳಕಳಿಯಿಂದ ಹೇಳಲೇಬೇಕು. ಬಿಳಿಗಿರಿ, ಮಹದೇಶ್ವರ ಬೆಟ್ಟಗಳ ಸೀಮೆಯ ಜನರು ಉಪ್ಪಿನಕಾಯಿಗೆ ಪ್ರೀತಿಯಿಂದ ಬಳಸುವ ಈ ಸುಗಂಧಮೂಲವು ದಕ್ಷಿಣ ಭಾರತಕ್ಕೆ ಸೀಮಿತವಾದ ಒಂದು ಬಳ್ಳಿಯದು. ಬೇರನ್ನಗೆದರೆ ಬಳ್ಳಿಯೇ ಹೋಗುವುದರಿಂದ ಅದು ಅಪಾಯದ ಅಂಚಿಗೆ ಬಂದಿದೆ. 'ಮೂಲಿಕೆ' ಎಂಬ ಹೆಸರಿನ ಆಕರ್ಷಣೆಗಾಗಿ ಕಾಡಿನಿಂದ ಅದನ್ನು ಕಿತ್ತು ಪಾನೀಯಕ್ಕೆ ಸುರಿಯುವುದು ಸಲ್ಲದು.

ಪ್ರಮಾಣದ ಬಗೆಗೂ ಪ್ರಾಮಾಣಿಕರಾಗಿರೋಣ. ಮೇಲೆ ಹೇಳಿದ ಒಂದು ಲೋಟ ಅಂಬಲಿಯಲ್ಲಿ ರಾಗಿಯಿಂದ ದೊರೆಯುವ ನಾರು ಮೂರು ಗ್ರಾಂಗಿಂತ ಸ್ವಲ್ಪ ಹೆಚ್ಚು. ಯೂರೋಪಿನ ಒಕ್ಕೂಟವು ಚಿಕೋರಿ ಬೇರಿನ ಇನುಲಿನ್ ಎಂಬ ಪ್ರಿಬಯೋಟಿಕ್ ನಾರಿಗೆ 2015ರಲ್ಲಿ ಮನ್ನಣೆಯಿತ್ತದ್ದು ದಿನಕ್ಕೆ 12 ಗ್ರಾಂ ಸೇವಿಸಿದರೆ ಮಲವಿಸರ್ಜನೆ ಸುಗಮವಾಗುತ್ತದೆಂಬ ಒಂದೇ ಉಕ್ತಿಗೆ. ಅಂಬಲಿಯ ಜೊತೆಗೆ ಮಧ್ಯಾಹ್ನದ ಮುದ್ದೆ, ಅವರೆ, ತೊಗರಿ, ಸೊಪ್ಪುಗಳು ಸೇರಿದಾಗಲೇ ಕರುಳಿನ ಜೀವಕೋಟಿಗೆ ತೃಪ್ತಿಕರವಾದ ಗ್ರಾಸ ಒದಗುತ್ತದೆ. ಜ್ವರ ಬಂದಾಗ ವೈದ್ಯರ ಬಳಿಗೂ, ಮಗುವಿಗೆ ಸಕಾಲದಲ್ಲಿ ಲಸಿಕೆಗೂ ಹೋಗುವುದು ಯಾವ ಪಾನೀಯದಿಂದಲೂ ತಪ್ಪುವುದಿಲ್ಲ. ಇಷ್ಟಾದ ಮೇಲೂ ಅಂಗಡಿಯ ಪುಡಿಯನ್ನೇ ಕೊಳ್ಳುವ ಮನಸ್ಸಾದರೆ, ಡಬ್ಬಿಯ ಮೇಲಿನ ಮೂಲಿಕೆಗಳ ಚಿತ್ರವನ್ನು ಬಿಟ್ಟು, ಒಂದು ಸಲದ ಸೇವನೆಯಲ್ಲಿ ನಾರು ಎಷ್ಟು ಗ್ರಾಂ ಎಂಬ ಸಾಲನ್ನು ಹುಡುಕಿ ಓದಬೇಕು; ಆ ಸಂಖ್ಯೆಯು ಒಂದು ಮುಷ್ಟಿ ರಾಗಿಹಿಟ್ಟಿನ ನಾರಿಗಿಂತ ಕಡಮೆಯಾಗಿದ್ದರೆ, ರಾಗಿಯ ಡಬ್ಬಿಯನ್ನೇ ತೆರೆಯುವುದು ಮೇಲು.