ಆನೆ ಯಾವ ರೌಂಡಿಗೆ?

ಹೆಗ್ಗಡದೇವನಕೋಟೆ ಕಡೆಯ ಜುಲೈ ಮಳೆಗೆ ಅವಸರವೆಂಬುದಿಲ್ಲ. ವಯನಾಡಿನ ದಿಕ್ಕಿನಿಂದ ತೇಲಿ ಬಂದ ಮೋಡ ಬೆಳಗಿನಿಂದ ಜಿನುಗುತ್ತಲೇ ಇರುತ್ತದೆ. ಹೊಲದ ಮಣ್ಣು ಮಕ್ಕಳ ಅಂಗಾಲಿಗೆ ಮೆತ್ತಿಕೊಂಡು ಶಾಲೆಯ ಜಗಲಿವರೆಗೂ ಬರುತ್ತದೆ. ಬಾಗಿಲ ಪಕ್ಕ ಅಡ್ಡಾದಿಡ್ಡಿ ಬಿದ್ದ ಪುಟ್ಟ ಚಪ್ಪಲಿಗಳ ಜೊತೆ ನಿಮ್ಮದನ್ನೂ ಬಿಟ್ಟು ಒಳಗೆ ಬನ್ನಿ. ತಲೆ ಸ್ವಲ್ಪ ಬಗ್ಗಿಸಬೇಕು. ಗೋಡೆಯಿಂದ ಗೋಡೆಗೆ ಕಟ್ಟಿದ ದಾರಗಳ ಚಪ್ಪರದಿಂದ ಕಾಗದದ ಮೀನು, ಬಣ್ಣ ಬಳಿದ ಗಿಳಿ, ಐದು ಕಾಲಿನ ಹಸು ಜೋತಾಡುತ್ತಿವೆ. ಐದನೆಯದು ಕಾಲಲ್ಲ, ಬಾಲ ಎಂದು ಬರೆದವನೇ ನಿಮಗೆ ತಿದ್ದಿ ಹೇಳುತ್ತಾನೆ.

ಬೆಂಚು, ಡೆಸ್ಕಿನ ಸಾಲುಗಳು ಇಲ್ಲಿಲ್ಲ. ಮೊಳಕಾಲೆತ್ತರದ ದುಂಡು ಮೇಜುಗಳ ಸುತ್ತ ಒಂದು, ಎರಡು, ಮೂರನೇ ತರಗತಿಯವರು ಬೆರೆತು ಕೂತಿದ್ದಾರೆ. ಗೋಡೆಯ ಕೆಳಭಾಗಕ್ಕೆ ಕಪ್ಪು ಬಳಿದು ಪ್ರತಿ ಮಗುವಿಗೂ ಅದರ ಕೈಗೆಟಕುವ ಎತ್ತರದಲ್ಲಿ ಒಂದೊಂದು ಚೌಕ ಕೊಟ್ಟಿದ್ದಾರೆ. ಹವಾಮಾನ ನಕ್ಷೆಯ ಮುಂದೆ ನಿಂತ ಹುಡುಗಿ ಕಿಟಕಿಯಾಚೆ ಕೈ ಚಾಚಿ, ಅಂಗೈ ಒದ್ದೆಯಾದದ್ದನ್ನು ಖಾತ್ರಿ ಮಾಡಿಕೊಂಡು, ಇಂದಿನ ಮನೆಯಲ್ಲಿ ಮಳೆಯ ಗುರುತು ಹಾಕುತ್ತಾಳೆ. ಪಕ್ಕದ ಅಡುಗೆ ಕೋಣೆಯಿಂದ ಬೇಳೆ ಬೇಯುವ ವಾಸನೆ ಆಗಲೇ ಹೊರಟಿದೆ.

ಕಿಟಕಿ ಪಕ್ಕದ ಮೇಜಿನ ಮೇಲೆ ಎಲೆಗಳ ರಾಶಿ: ಹಲಸು, ಹೊಂಗೆ, ನುಗ್ಗೆ, ರಾಗಿ ಪೈರು, ಎಕ್ಕ, ಲಂಟಾನ. ವಿಂಗಡಿಸಿ ಎಂದಷ್ಟೇ ಮಿಸ್ ಹೇಳಿದ್ದು, ಹೇಗೆಂದು ಹೇಳಲಿಲ್ಲ. ಒಬ್ಬ ಗಾತ್ರ ನೋಡಿ ಜೋಡಿಸಿದ. ಇನ್ನೊಬ್ಬಳು ಎಲೆಯನ್ನು ಹಾಳೆಯಡಿ ಇಟ್ಟು ಮೇಲೆ ಕ್ರೇಯಾನ್ ಉಜ್ಜಿದಳು. ಹಲಸಿನೆಲೆಯ ನಡುನರ, ಅದರಿಂದ ಎರಡೂ ಕಡೆಗೆ ಒಡೆದ ಸಣ್ಣ ನರಗಳು ಒಂದೊಂದಾಗಿ ಮೂಡಿ ಬಂದವು. ರಾಗಿ ಎಲೆ ಉಜ್ಜಿದರೆ ಬರೀ ಉದ್ದುದ್ದ ಗೀಟು. ಮೂರನೆಯವಳದು ಬೇರೆಯೇ ಲೆಕ್ಕ. ಎಕ್ಕ, ಲಂಟಾನ ಎರಡನ್ನೂ ದೂರ ತಳ್ಳಿ, "ಇವನ್ನ ನಮ್ಮಟ್ಟಿ ಹಸ ಮೂಸೂ ನೋಡಕಿಲ್ಲ ಮಿಸ್," ಎಂದಳು. ಎರಡೂ ದನಕರುಗಳಿಗೆ ವಿಷದ ಗಿಡಗಳು. ಆ ಮಾತು ಅವಳಿಗೆ ಪುಸ್ತಕದಿಂದ ಬಂದದ್ದಲ್ಲ, ಹಸುವಿನ ಹಿಂದೆ ಅಲೆದಾಡಿ ಬಂದದ್ದು.

ಜಗಲಿಯ ಮೇಲೆ ತೆಂಗಿನ ಕರಟಗಳ ಸಾಲಿದೆ. ಒದ್ದೆ ಬಟ್ಟೆಯ ಮೇಲೆ ಅವರೆ, ಹುರುಳಿ, ಮುಸುಕಿನ ಜೋಳ ಮೊಳೆಯುತ್ತಿವೆ. ಅವರೆಯ ಸಿಪ್ಪೆ ಸುಲಿದರೆ ಎರಡು ಬೇಳೆ ಬಿಚ್ಚಿಕೊಳ್ಳುತ್ತವೆ; ಜೋಳವನ್ನು ಎಷ್ಟು ಹಿಸುಕಿದರೂ ಇಬ್ಭಾಗವಾಗುವುದಿಲ್ಲ. ಯಾರೋ ಬೇಕೆಂದೇ ಒಂದು ಕಾಳನ್ನು ತಲೆಕೆಳಗು ಮಾಡಿಟ್ಟಿದ್ದಾರೆ. ಅದರ ಬೇರು ಮೇಲಕ್ಕೆ ಹೊರಟು, ನಡುವೆ ಬಾಗಿ, ಕೆಳಗೇ ಇಳಿದಿದೆ. "ಅದಕ್ಕೆ ಕೆಳಗ್ಯಾವ್ದು ಅಂತ ಹೆಂಗ್ ಗೊತ್ತಾಯ್ತು?" ಮಿಸ್ ಉತ್ತರ ಕೊಡದೆ ಇನ್ನೊಂದು ಕಾಳು ಕೈಗಿತ್ತು, "ಇದನ್ನ ಅಡ್ಡ ಮಲಗಿಸಿ ನೋಡು ಮಗಾ," ಎನ್ನುತ್ತಾರೆ.

ಹಿತ್ತಲಿನ ಕರಿಬೇವಿನ ಕಡ್ಡಿಯೊಂದು ಬಾಯಿಗೆ ಬಟ್ಟೆ ಕಟ್ಟಿದ ಗಾಜಿನ ಬಾಟಲಿಯಲ್ಲಿ ನಿಂತಿದೆ. ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದಿದೆ ಎಂದುಕೊಂಡರೆ ಮೋಸ ಹೋದಿರಿ. ನಿಂಬೆ ಚಿಟ್ಟೆಯ ಎಳೆಯ ಹುಳು ಅದು. ಹಕ್ಕಿಗಳನ್ನು ಏಮಾರಿಸಲು ಈ ವೇಷ. ಬೆಳೆದು ದಪ್ಪಗಾದ ಅದರ ಅಣ್ಣ ಪಕ್ಕದಲ್ಲೇ ಹಸಿರುಗಟ್ಟಿ, ಎಲೆಯಂಚನ್ನು ಅರೆಚಂದ್ರಾಕಾರವಾಗಿ ಕೊರೆಯುತ್ತಿದೆ. ಹುಡುಗನೊಬ್ಬ ಹುಲ್ಲುಕಡ್ಡಿಯಿಂದ ಮೆಲ್ಲಗೆ ತಾಕಿಸಿದ. ತಲೆಯ ಹಿಂದಿನಿಂದ ಕಿತ್ತಳೆಗೆಂಪಿನ ಕವಲುಕೊಂಬೊಂದು ಪುಟಕ್ಕನೆ ಹೊರಬಂತು. ಜೊತೆಗೇ ಘಾಟು ವಾಸನೆ. ಆರು ತಲೆಗಳು ಒಟ್ಟಿಗೇ ಹಿಂದೆ ಸರಿದು, ಮರುಗಳಿಗೆ ಒಟ್ಟಿಗೇ ಮುಂದೆ ಬಾಗಿದವು. ಕೊಂಬು ಮಾಯವಾಗಿತ್ತು. ಇನ್ನೊಮ್ಮೆ ಚುಚ್ಚಬೇಡಿ, ಅದಕ್ಕೂ ಸುಸ್ತಾಗುತ್ತದೆ ಎಂದು ಹೇಳಿದ್ದು ಮಿಸ್ ಅಲ್ಲ, ಒಂದನೇ ತರಗತಿಯ ಪುಟ್ಟಿ.

ಈ ಕಲಿಕೆಗೆ ನಲಿಕಲಿ ಎಂದು ಹೆಸರು. ಇದು ಹುಟ್ಟಿದ್ದು ಇದೇ ತಾಲ್ಲೂಕಿನಲ್ಲಿ. ಮೂರು ತರಗತಿಗೆ ಒಬ್ಬರೇ ಮೇಷ್ಟ್ರು, ಪುಸ್ತಕ ಕಂಡರೆ ಕಾಡಿನ ದಾರಿ ಹಿಡಿಯುವ ಮಕ್ಕಳು, ಹೀಗಿದ್ದ ಕಾಲದಲ್ಲಿ ಇಲ್ಲಿನ ಶಿಕ್ಷಕರು ಆಂಧ್ರದ ಋಷಿವ್ಯಾಲಿಗೆ ಹೋಗಿ, ಕಾರ್ಡುಗಳ ಮೂಲಕ ತಮ್ಮ ಓಟದಲ್ಲೇ ಕಲಿಯುವ ಮಕ್ಕಳನ್ನು ಕಂಡು ಬಂದರು. ಯುನಿಸೆಫ್ ನೆರವಿನಿಂದ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದದ್ದು 2009-10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಕಲಿಕೆಯೆಂಬ ಏಣಿಯ ಮೆಟ್ಟಿಲಿಗೊಂದು ಕಾರ್ಡು. ಮಿಸ್ ಪಕ್ಕದಲ್ಲೇ ಕೂತು ಕಲಿಸುವ ಗುಂಪಿನಿಂದ ಮಗು ತಾನೇ ಕಲಿಯುವ ಗುಂಪಿನವರೆಗೆ ಐದು ಗುಂಪು; ಇವಕ್ಕೆ ತಟ್ಟೆ ಎಂದು ಹೆಸರು. ರಜೆ ಹಾಕಿ ಅವರೆಕಾಯಿ ಬಿಡಿಸಲು ಹೋದ ಮಗು, ಮರಳಿ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು.

ಈಗ ನೆಲದ ಮೇಲೆ ಸೀಮೆಸುಣ್ಣದ ಎರಡು ರೌಂಡು ಬಿದ್ದಿವೆ. ಒಂದು ಸಾಕುಪ್ರಾಣಿಗೆ, ಒಂದು ಕಾಡುಪ್ರಾಣಿಗೆ. ಚಿತ್ರದ ಕಾರ್ಡು ಹಿಡಿದವರು ಓಡಿ ಹೋಗಿ ತಮ್ಮ ರೌಂಡಿನಲ್ಲಿ ನಿಲ್ಲಬೇಕು. ಹಸು, ಆಡು, ಹುಲಿ, ಕಡವೆ ಗಲಾಟೆಯಿಲ್ಲದೆ ಒಳಸೇರಿದವು. ಆನೆ ಮಾತ್ರ ನಡುವೆಯೇ ನಿಂತಿತು.

"ಕಾಡುದ್ದು ಕಣೋ, ಹೋಗು!"

"ಮತ್ತೆ ಬಳ್ಳೇಲಿ ಸಾಕವ್ರಲ್ಲ? ಮುದ್ದೆ ತಿನ್ನಾದ ನಾನೇ ನೋಡಿವ್ನಿ."

"ಮೊನ್ನೆ ರಾತ್ರಿ ನಮ್ಮ ಹೊಲ ತುಳಿದಿದ್ದು ಯಾವ್ದು? ಅದ್ನ ಯಾರ್ ಸಾಕಿದ್ರು?"

ಈ ಜಗಳ ಕೋಟೆಯ ಶಾಲೆಯಲ್ಲೇ ಆಗಬೇಕು. ಬಳ್ಳೆ ಆನೆ ಶಿಬಿರದ ಅರ್ಜುನನನ್ನು ಇಲ್ಲಿ ಅರಿಯದವರಿಲ್ಲ. ಇದೇ ಕಾಕನಕೋಟೆ ಕಾಡಿನ 1968ರ ಖೆಡ್ಡಾದಲ್ಲಿ ಸೆರೆಸಿಕ್ಕವನು, 2012ರಿಂದ 2019ರವರೆಗೆ ದಸರೆಯ ಚಿನ್ನದ ಅಂಬಾರಿ ಹೊತ್ತವನು. 2023ರ ಡಿಸೆಂಬರ್‌ನಲ್ಲಿ ಸಕಲೇಶಪುರದ ಯಸಳೂರು ಬಳಿ ಪುಂಡಾನೆ ಹಿಡಿಯಲು ಹೋಗಿ, ಕಾಡಾನೆಯ ಕೊಂಬಿಗೆ ಸಿಕ್ಕಿಯೇ ಸತ್ತ. ಅವನನ್ನು ಯಾವ ರೌಂಡಿಗೆ ಹಾಕುತ್ತೀರಿ? ಮಿಸ್ ಸೀಮೆಸುಣ್ಣವನ್ನು ಮಕ್ಕಳ ಕಡೆಗೇ ಚಾಚಿದರು. ತುಸು ಹೊತ್ತು ಗುಸುಗುಸು ನಡೆದು, ಎರಡರ ನಡುವೆ ಮೂರನೆಯ, ಸ್ವಲ್ಪ ಸೊಟ್ಟ ರೌಂಡು ಬಿತ್ತು.

ಅದು ಬಿದ್ದದ್ದೇ ತಡ, ಉಳಿದವರ ನಿಷ್ಠೆ ಅಲುಗಾಡಿತು. ಬೆಕ್ಕು ಜಾಗ ಬದಲಿಸಿತು. ಗಿಳಿ ಹಿಂಜರಿಯುತ್ತ ಬಂತು. ಹಾಡಿಯಿಂದ ಬರುವ ಜೇನುಕುರುಬರ ಹುಡುಗ, ಅಷ್ಟು ಹೊತ್ತೂ ಮಾತಾಡದವನು, ಕೈಲಿದ್ದ ಜೇನುನೊಣದ ಕಾರ್ಡನ್ನು ತಿರುಗಿಸಿ ನೋಡಿ, "ಇದ್ಯಾವ ಜೇನು?" ಎಂದ. ಕಾರ್ಡಿನಲ್ಲಿ ಅದು ಬರೆದಿರಲಿಲ್ಲ. ದೊಡ್ಡ ಮರದಲ್ಲಿ ಒಂದೇ ತಟ್ಟು ಕಟ್ಟುವ ಹೆಜ್ಜೇನಾದರೆ ಕಾಡಿನದು, ಅದನ್ನು ಯಾರಿಂದಲೂ ಸಾಕುವುದಕ್ಕಾಗದು. ಪೊಟರೆಯಲ್ಲಿರುವ ತುಡುವೆಯಾದರೆ ಪೆಟ್ಟಿಗೆಯಲ್ಲೂ ಇರುತ್ತದೆ. ಪೊದೆಯ ಕಡ್ಡಿಗೆ ಕಟ್ಟುವುದು ಬೇರೆ, ಕುಟುಕಲು ಬಾರದ ನಸರಿ ಬೇರೆ. ಅವನು ಬೆರಳು ಮಡಿಸುತ್ತ ಹೋದ. ಮಿಸ್ ನೆಲದ ಮೇಲೆ ಕೂತು ಬರೆದುಕೊಳ್ಳುತ್ತ ಹೋದರು. ಒಂದು ಕಾರ್ಡು ಇದ್ದ ಕಡೆ ಈಗ ನಾಲ್ಕು ಬೇಕು.

ಊಟದ ಗಂಟೆ ಬಾರಿಸಿತು. ತಟ್ಟೆಗಳ ಸದ್ದಿನ ನಡುವೆಯೂ ವಾದ ಮುಂದುವರಿಯಿತು. ನಾಳೆ ಗಿಡಮರಗಳ ಸರದಿ ಎಂದು ಮಿಸ್ ಹೇಳುವಷ್ಟರಲ್ಲೇ, ಎಲೆಗಳನ್ನು ಹಸುವಿನ ಲೆಕ್ಕದಲ್ಲಿ ಜೋಡಿಸಿದ್ದ ಹುಡುಗಿ ಸಾಲಿನಿಂದಲೇ ಕೂಗಿದಳು:

"ಮಿಸ್, ನಮ್ಮಟ್ಟಿ ಹಿಂದ್ಲ ಹುಣಸೆಮರನ ಯಾರೂ ನೆಟ್ಟಿಲ್ವಂತೆ. ಆದ್ರೆ ಹಣ್ಣು ನಾವೇ ಬಡಿಯಾದು. ಅದು ಯಾವ ರೌಂಡಿಗೆ?"

"ನಾಳೆ ಅದರದ್ದೊಂದು ಕೊಂಬೆ ತಗೊಂಡು ಬಾ," ಎಂದರು ಮಿಸ್. "ನೀನೇ ನಿಲ್ಲಿಸುವಿಯಂತೆ."