ಬುಧವಾರದ ಬಾಗಿಲು

ಅಮೆರಿಕದ ಆಗ್ನೇಯ ಕರಾವಳಿಯಲ್ಲಿ ಆಶ್ಲಿ, ಕೂಪರ್ ಎಂಬ ಎರಡು ನದಿಗಳ ನಡುವೆ ಸಮುದ್ರದತ್ತ ನಾಲಗೆ ಚಾಚಿದಂತಿರುವ ಊರು ಚಾರ್ಲ್ಸ್‌ಟನ್. ದಕ್ಷಿಣ ಕೆರೊಲಿನಾ ರಾಜ್ಯದ ಹಳೆಯ ಬಂದರು ಇದು. ಊರಿನ ತುಂಬ ಚರ್ಚುಗಳ ಗೋಪುರಗಳೇ ಕಾಣುವುದರಿಂದ ‘ಪವಿತ್ರ ನಗರ’ ಎಂಬ ಹೆಸರೂ ಇದಕ್ಕಿದೆ. ಉತ್ತರ ಅಮೆರಿಕಕ್ಕೆ ಗುಲಾಮರಾಗಿ ತಂದ ಆಫ್ರಿಕನ್ನರಲ್ಲಿ ಸುಮಾರು ಶೇ 40ರಷ್ಟು ಜನ ಮೊದಲು ಕಾಲಿಟ್ಟದ್ದು ಈ ಬಂದರಿನಲ್ಲೇ ಎಂಬ ಅಂದಾಜಿದೆ. ಗುಲಾಮಗಿರಿಯ ಪ್ರಶ್ನೆ ಹೊತ್ತಿಸಿದ ಅಂತರ್ಯುದ್ಧದ ಮೊದಲ ಗುಂಡು 1861ರಲ್ಲಿ ಹಾರಿದ್ದೂ ಈ ಊರಿನ ಕಡಲ ಬಾಯಲ್ಲಿರುವ ಸಮ್ಟರ್ ಕೋಟೆಯ ಮೇಲೆ.

ಊರಿನ ನಡುವೆ ಹಾದುಹೋಗುವ ದೊಡ್ಡ ರಸ್ತೆಗೆ ಜಾನ್ ಕ್ಯಾಲ್ಹೂನ್ ಹೆಸರಿದೆ. ಗುಲಾಮಗಿರಿ ಪಾಪವಲ್ಲ, ಅದರಿಂದ ಒಳಿತೇ ಆಗುತ್ತದೆ ಎಂದು ವಾದಿಸಿದ ಅಮೆರಿಕದ ಉಪಾಧ್ಯಕ್ಷ ಆತ. ಅದೇ ರಸ್ತೆಯ 110ನೇ ಸಂಖ್ಯೆಯಲ್ಲಿ, ಬಿಳಿ ಗೋಡೆಯ, ಎತ್ತರದ ಗೋಪುರದ ಒಂದು ಗಾಥಿಕ್ ಶೈಲಿಯ ಚರ್ಚು ನಿಂತಿದೆ. ಪೂರ್ತಿ ಹೆಸರು ಇಮ್ಯಾನುವೆಲ್ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಚರ್ಚ್. ಕರಿಯ ಜನರೇ ಕಟ್ಟಿಕೊಂಡ ಈ ಪಂಗಡದ ಚರ್ಚುಗಳಲ್ಲಿ ದಕ್ಷಿಣದ ರಾಜ್ಯಗಳಿಗೆಲ್ಲ ಇದೇ ಹಿರಿಯದು. ಅದಕ್ಕೇ ಜನ ಇದನ್ನು ‘ಮದರ್ ಇಮ್ಯಾನುವೆಲ್’ ಎನ್ನುತ್ತಾರೆ. ಇಮ್ಯಾನುವೆಲ್ ಎಂದರೆ ದೇವರು ನಮ್ಮ ಸಂಗಡ ಇದ್ದಾನೆ ಎಂದರ್ಥ.

2015ರ ಜೂನ್ 17ರ ರಾತ್ರಿಯಿಂದ ಈ ಚರ್ಚಿನ ಹೆಸರು ಜಗತ್ತಿಗೆಲ್ಲ ಗೊತ್ತು. ಆದರೆ ಆ ಒಂದು ರಾತ್ರಿಯಿಂದಲೇ ಕತೆ ಶುರು ಮಾಡಿದರೆ ಈ ಜಾಗ ಅರ್ಥವಾಗುವುದಿಲ್ಲ. ಸೇರಬೇಡಿ ಎಂದಾಗಲೂ ಸೇರುತ್ತಾ ಬಂದವರ ಜಾಗ ಇದು. ಅವರ ನಂಬಿಕೆಯ ಬೇರು ಇರುವುದು ಆ ರಾತ್ರಿಗೂ ಹಿಂದಿನ ಇನ್ನೂರು ವರ್ಷಗಳಲ್ಲಿ.

1816ರ ಸುಮಾರಿಗೆ ಚಾರ್ಲ್ಸ್‌ಟನ್ನಿನ ಮೆಥಡಿಸ್ಟ್ ಸಭೆಯಲ್ಲಿ ಬಿಳಿಯರು, ಕರಿಯರು ಇಬ್ಬರೂ ಇದ್ದರು, ಲೆಕ್ಕದಲ್ಲಿ ಕರಿಯರೇ ಹೆಚ್ಚು. ಅವರ ಹಿರಿಯರನ್ನು ಹೂತ ಜಾಗದ ಮೇಲೆ ಶವದ ಗಾಡಿ ನಿಲ್ಲಿಸಲು ಬಿಳಿಯರು ಕೊಟ್ಟಿಗೆ ಕಟ್ಟಲು ಹೊರಟರು. ಸತ್ತವರ ಮೇಲೂ ತುಳಿಯುವುದೇ ಎಂದು ಮಾರಿಸ್ ಬ್ರೌನ್ ಎಂಬ ಬೋಧಕರ ಹಿಂದೆ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಹೊರಬಂದರು. ಫಿಲಡೆಲ್ಫಿಯಾದಲ್ಲಿ ರಿಚರ್ಡ್ ಆಲನ್ ಆಗಷ್ಟೇ ಸ್ಥಾಪಿಸಿದ್ದ ಪಂಗಡಕ್ಕೆ ಸೇರಿ ತಮ್ಮದೇ ಚರ್ಚು ಕಟ್ಟಿಕೊಂಡರು. ಗುಲಾಮರು ಬಿಳಿಯರ ಕಣ್ಗಾವಲಿಲ್ಲದೆ ಸೇರಿ ಓದು ಕಲಿಯುತ್ತಾರೆ, ದೇವರ ಮಾತು ಕೇಳುತ್ತಾರೆ ಎಂದರೆ ಊರಿನ ಧಣಿಗಳಿಗೆ ನಿದ್ದೆ ಎಲ್ಲಿಂದ ಬರಬೇಕು? 1818ರಲ್ಲೇ ಕಾವಲಿನವರು ನುಗ್ಗಿ 140 ಜನರನ್ನು ಹಿಡಿದೊಯ್ದರು.

ಈ ಸಭೆಯ ಒಬ್ಬ ಮುಖಂಡ ಡೆನ್ಮಾರ್ಕ್ ವೆಸಿ, ಕಸುಬಿನಲ್ಲಿ ಬಡಗಿ. 1799ರಲ್ಲಿ ಲಾಟರಿಯಲ್ಲಿ 1,500 ಡಾಲರ್ ಬಂದಾಗ ಅದರಲ್ಲಿ 600 ಕೊಟ್ಟು ತನ್ನ ಬಿಡುಗಡೆಯನ್ನು ತಾನೇ ಕೊಂಡವನು. ಹೆಂಡತಿ ಮಕ್ಕಳನ್ನು ಬಿಡಿಸಿಕೊಳ್ಳಲು ಮಾತ್ರ ಆಗಲಿಲ್ಲ. ಇಸ್ರಾಯೇಲ್ಯರು ಐಗುಪ್ತದ ದಾಸ್ಯದಿಂದ ಹೊರಟ ಕತೆಯನ್ನು ಅವನು ಸಂಜೆಯ ಕೂಟಗಳಲ್ಲಿ ಮತ್ತೆ ಮತ್ತೆ ಬಿಡಿಸಿ ಹೇಳುತ್ತಿದ್ದ. 1822ರಲ್ಲಿ ಅವನು ದಂಗೆ ಹೂಡಿದ್ದಾನೆ ಎಂಬ ಸುದ್ದಿ ಹೊರಬಿತ್ತು. ಜುಲೈ 2ರಂದು ಅವನನ್ನು ಗಲ್ಲಿಗೇರಿಸಿದರು. ಒಟ್ಟು 35 ಜನರಿಗೆ ಅದೇ ಗತಿಯಾಯಿತು. ಚರ್ಚನ್ನು ಕೆಡವಿದರು. ಮಾರಿಸ್ ಬ್ರೌನ್ ಊರು ಬಿಡಬೇಕಾಯಿತು. 1834ರ ಹೊತ್ತಿಗೆ ಕರಿಯರ ಚರ್ಚುಗಳೇ ಊರಿನಲ್ಲಿ ಕಾನೂನುಬಾಹಿರವಾದವು.

ಅಲ್ಲಿಂದ ಮೂವತ್ತು ವರ್ಷ ಈ ಸಭೆಗೆ ಗೋಡೆ ಇರಲಿಲ್ಲ, ಮಾಡೂ ಇರಲಿಲ್ಲ. ಗುಟ್ಟಾಗಿ ಸೇರಿ, ದನಿ ತಗ್ಗಿಸಿ ಹಾಡಿ, ಬೆಳಗಾಗುವುದರೊಳಗೆ ಚದುರಿಹೋಗುವ ಸಭೆ ಅದು. 1865ರಲ್ಲಿ ಯುದ್ಧ ಮುಗಿದ ಮೇಲೆ ಬೆಳಕಿಗೆ ಬಂದು, ಇಮ್ಯಾನುವೆಲ್ ಎಂಬ ಹೆಸರಿಟ್ಟುಕೊಂಡು, ಮರದ ಚರ್ಚು ಕಟ್ಟಿಕೊಂಡಿತು. ಅದರ ನಕ್ಷೆ ಹಾಕಿದವನು ರಾಬರ್ಟ್ ವೆಸಿ, ಗಲ್ಲಿಗೇರಿದ ಡೆನ್ಮಾರ್ಕ್ ವೆಸಿಯ ಮಗ. ನನಗೆ ಈ ಚರ್ಚಿನ ಇಡೀ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಕಾಣಿಸಿಲ್ಲ. ಅಪ್ಪನನ್ನು ಕೊಂದು ಚರ್ಚು ಕೆಡವಿದ ಊರಿನಲ್ಲಿಯೇ ಮಗ ಅಳತೆಪಟ್ಟಿ ಹಿಡಿದು ನಿಂತ. 1886ರ ಭೂಕಂಪದಲ್ಲಿ ಆ ಕಟ್ಟಡ ಹಾಳಾಯಿತು. ಈಗಿರುವ ಇಟ್ಟಿಗೆಯ ಕಟ್ಟಡ 1891ರದು. ಮೇಲಿನ ಆರಾಧನಾ ಮಂದಿರದ ಪೀಠ, ಮರದ ಬೆಂಚುಗಳು ಅಂದಿನವೇ. ಮಾರ್ಟಿನ್ ಲೂಥರ್ ಕಿಂಗ್ 1962ರಲ್ಲಿ ಇಲ್ಲಿ ನಿಂತು ಮತದ ಹಕ್ಕಿನ ಬಗ್ಗೆ ಮಾತಾಡಿದರು. ಅವರ ಪತ್ನಿ ಕೊರೆಟಾ 1969ರಲ್ಲಿ ಆಸ್ಪತ್ರೆ ನೌಕರರ ಮುಷ್ಕರಕ್ಕೆ ಬೆಂಬಲವಾಗಿ ಇಲ್ಲಿಂದಲೇ ಮೆರವಣಿಗೆ ಹೊರಟರು.

ಆರಾಧನೆಯ ಮಂದಿರಕ್ಕೆ ರಸ್ತೆಯಿಂದ ಮೆಟ್ಟಿಲು ಹತ್ತಬೇಕು. ಅದರ ಕೆಳಗೆ, ನೆಲಮಟ್ಟದಲ್ಲಿ ಒಂದು ಸಭಾಂಗಣವಿದೆ. ಊಟದ ಕೂಟ, ಮಕ್ಕಳ ಪಾಠ, ಸಮಿತಿ ಸಭೆ ಎಲ್ಲವೂ ಅಲ್ಲಿ. ಬುಧವಾರ ಸಂಜೆಯ ಸತ್ಯವೇದ ಅಧ್ಯಯನವೂ ಅಲ್ಲೇ.

2015ರ ಜೂನ್ 17ರ ಆ ಬುಧವಾರ ಚರ್ಚಿನ ತ್ರೈಮಾಸಿಕ ಸಭೆ ಇತ್ತು. ಅದು ಮುಗಿಯುವಾಗಲೇ ತಡವಾಗಿ ಹೆಚ್ಚಿನವರು ಮನೆಗೆ ಹೊರಟರು. ಅಧ್ಯಯನಕ್ಕೆ ಉಳಿದವರು 12 ಜನ. ಸಭಾಪಾಲಕ ಕ್ಲೆಮೆಂಟಾ ಪಿಂಕ್ನಿ ಅವರಿಗೆ 41 ವರ್ಷ, ರಾಜ್ಯದ ಸೆನೆಟರ್ ಕೂಡ. ಅಂದು ರಾಜಧಾನಿ ಕೊಲಂಬಿಯಾದಿಂದ ಬಂದಿದ್ದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಪಕ್ಕದೂರಿನಲ್ಲಿ ಓಡುತ್ತಿದ್ದ ಕರಿಯ ವ್ಯಕ್ತಿಯೊಬ್ಬರ ಬೆನ್ನಿಗೆ ಪೊಲೀಸ್ ಅಧಿಕಾರಿ ಗುಂಡು ಹಾರಿಸಿದ್ದ. ಪೊಲೀಸರ ಮೈಮೇಲೆ ಕ್ಯಾಮೆರಾ ಇರಬೇಕು ಎಂದು ಸದನದಲ್ಲಿ ಒತ್ತಾಯಿಸಿದವರು ಇವರು. ಹೊರಗಿನವನೊಬ್ಬ ಬಾಗಿಲು ತೆರೆದು ಒಳಬಂದ. 21 ವರ್ಷದ ಬಿಳಿಯ ಯುವಕ. ಬಾಗಿಲಿಗೆ ಬೀಗ ಇರಲಿಲ್ಲ. ಪಿಂಕ್ನಿ ತಮ್ಮ ಪಕ್ಕದಲ್ಲೇ ಕುರ್ಚಿ ಕೊಟ್ಟರು. ಅಂದಿನ ಪಾಠದ ಹಾಳೆಯನ್ನೂ ಕೊಟ್ಟರು.

ಪಾಠ ಮಾರ್ಕನ ಸುವಾರ್ತೆಯ ನಾಲ್ಕನೇ ಅಧ್ಯಾಯದ್ದು, ಬಿತ್ತುವವನ ಸಾಮ್ಯ. ರೈತರ ನಾಡಿನವರಾದ ನಮಗೆ ಅದನ್ನು ವಿವರಿಸಬೇಕಾಗಿಲ್ಲ. ಬಿತ್ತಿದ ಬೀಜ ಎಲ್ಲ ಕಡೆ ಬೀಳುತ್ತದೆ. ಕಲ್ಲುನೆಲದಲ್ಲಿ ಬಿದ್ದದ್ದು ಬೇಗ ಮೊಳೆಯುತ್ತದೆ, ಬೇರಿಲ್ಲದ್ದರಿಂದ ಬೇಗ ಒಣಗುತ್ತದೆ. ಮುಳ್ಳಿನಲ್ಲಿ ಬಿದ್ದದ್ದು ಉಸಿರುಕಟ್ಟಿ ಸಾಯುತ್ತದೆ. ಹದವಾದ ನೆಲದಲ್ಲಿ ಬಿದ್ದದ್ದು ಮೂವತ್ತು, ಅರವತ್ತು, ನೂರರಷ್ಟು ಫಲ ಕೊಡುತ್ತದೆ. ಆ ರಾತ್ರಿಯ ವಚನಗಳು ಹದಿನಾರರಿಂದ ಇಪ್ಪತ್ತು. ವಾಕ್ಯವನ್ನು ಸಂತೋಷದಿಂದ ಕೇಳಿ, ಹಿಂಸೆ ಬಂದೊಡನೆ ಬಿಟ್ಟುಹೋಗುವವರ ಮಾತು ಅಲ್ಲಿಂದಲೇ ಶುರುವಾಗುತ್ತದೆ. ಅವನು ಮುಕ್ಕಾಲು ಗಂಟೆ ಕೂತು ಕೇಳಿದ. ಕೊನೆಯ ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ ಸೊಂಟದ ಚೀಲದಿಂದ ಪಿಸ್ತೂಲು ತೆಗೆದ.

ಒಂಬತ್ತು ಜನ ತೀರಿಹೋದರು. ಅವರಲ್ಲಿ 87 ವರ್ಷದ ಅಜ್ಜಿ ಇದ್ದರು. ಚರ್ಚನ್ನು ದಿನವೂ ಗುಡಿಸಿ ಒರೆಸುತ್ತಿದ್ದ 70ರ ಹಿರಿಯಾಕೆ ಇದ್ದರು. 31 ವರ್ಷ ಸಾರ್ವಜನಿಕ ಗ್ರಂಥಾಲಯದಲ್ಲಿ ದುಡಿದ ಸಿಂಥಿಯಾ ಗ್ರಹಾಂ ಹರ್ಡ್ ಇದ್ದರು, ಈಗ ಅಲ್ಲಿನ ಒಂದು ಗ್ರಂಥಾಲಯಕ್ಕೆ ಅವರದೇ ಹೆಸರು. 26 ವರ್ಷದ ಹುಡುಗನೊಬ್ಬ, ನಿನಗೆ ನಾವು ಕೇಡು ಬಯಸಿಲ್ಲ, ಇದು ಬೇಡ ಎಂದು ಕೊಲೆಗಾರನಿಗೆ ಹೇಳುತ್ತಲೇ ಸತ್ತ. ಅವನ ತಾಯಿ 11 ವರ್ಷದ ಮೊಮ್ಮಗಳನ್ನು ಎದೆಗೆ ಅವುಚಿಕೊಂಡು ನೆಲದ ಮೇಲೆ ಸತ್ತವರಂತೆ ಬಿದ್ದಿದ್ದರು. ಮೇಜಿನ ಕೆಳಗೆ ಗಟ್ಟಿಯಾಗಿ ಪ್ರಾರ್ಥಿಸುತ್ತಿದ್ದ ಇನ್ನೊಬ್ಬ ಹಿರಿಯ ಮಹಿಳೆಗೆ, ನಡೆದದ್ದನ್ನು ಹೇಳಲೆಂದು ನಿನ್ನನ್ನು ಬಿಡುತ್ತೇನೆ ಎಂದು ಹೇಳಿ ಅವನು ಹೊರಟ. ಕರಿಯರು ಎಂಬ ಒಂದೇ ಕಾರಣಕ್ಕೆ ಕೊಂದೆ ಎಂಬುದನ್ನು ಅವನು ಮುಚ್ಚಿಡಲೇ ಇಲ್ಲ. ಈ ಚರ್ಚಿನ ಚರಿತ್ರೆ ಗೊತ್ತಿದ್ದೇ ಇದನ್ನು ಆರಿಸಿದ್ದ. ಅವನ ಹೆಸರಿಗೆ ಈ ಬರಹದಲ್ಲಿ ಜಾಗವಿಲ್ಲ.

ಎರಡು ದಿನ ಕಳೆದು, ಜೂನ್ 19ರಂದು, ಜಾಮೀನಿನ ವಿಚಾರಣೆ. ಕೊಲೆಗಾರ ಜೈಲಿನಿಂದ ಪರದೆಯ ಮೇಲೆ ಕಾಣಿಸಿಕೊಂಡ. ನ್ಯಾಯಾಧೀಶರು ಕುಟುಂಬದವರಿಗೆ ಮಾತಾಡಲು ಅವಕಾಶ ಕೊಟ್ಟರು. ಚರ್ಚು ಗುಡಿಸುತ್ತಿದ್ದ ಹಿರಿಯಾಕೆಯ ಮಗಳು ಎದ್ದು, ಇನ್ನೆಂದೂ ಅಮ್ಮನೊಡನೆ ಮಾತಾಡಲಾರೆ, ಅವಳನ್ನು ಅಪ್ಪಿಕೊಳ್ಳಲಾರೆ, ಆದರೂ ನಿನ್ನನ್ನು ಕ್ಷಮಿಸಿದ್ದೇನೆ ಎಂದರು. ಅಕ್ಕನನ್ನು ಕಳೆದುಕೊಂಡ ಇನ್ನೊಬ್ಬರು, ನನಗಿನ್ನೂ ಬಹಳ ಸಿಟ್ಟಿದೆ, ಆದರೆ ನಮ್ಮ ಮನೆಯಲ್ಲಿ ದ್ವೇಷಕ್ಕೆ ಜಾಗವಿಲ್ಲ, ಹಾಗಾಗಿ ಕ್ಷಮಿಸಲೇಬೇಕು ಎಂಬರ್ಥದ ಮಾತಾಡಿದರು.

ಇಡೀ ದೇಶ ಆ ಮಾತಿಗೆ ಕಣ್ಣೀರಿಟ್ಟಿತು. ನನ್ನ ತಕರಾರು ಇರುವುದು ಇಲ್ಲೇ. ಕ್ಷಮೆಯನ್ನು ಎತ್ತಿ ಮೆರೆಸಿದವರಲ್ಲಿ ಅನೇಕರಿಗೆ ಆ ಸಿಟ್ಟಿನ ಮಾತು ಕೇಳಿಸಲಿಲ್ಲ. ಚರ್ಚು ಗುಡಿಸುತ್ತಿದ್ದ ಅದೇ ಹಿರಿಯಾಕೆಯ ಇನ್ನೊಬ್ಬ ಮಗಳು, ಸ್ವತಃ ಬೋಧಕಿ, ಕ್ಷಮಿಸಲು ವರ್ಷಗಳೇ ಬೇಕಾಯಿತು ಎಂದು ಆಮೇಲೆ ಹೇಳಿಕೊಂಡರು. ಒಂದೇ ತಾಯಿಯ ಮಕ್ಕಳು, ಒಂದೇ ಸತ್ಯವೇದ ಓದಿ ಬೆಳೆದವರು. ಒಬ್ಬರಿಗೆ ಎರಡು ದಿನದಲ್ಲಿ ಬಾಯಿಗೆ ಬಂದ ಮಾತು ಇನ್ನೊಬ್ಬರಿಗೆ ವರ್ಷಗಟ್ಟಲೆ ಬರಲಿಲ್ಲ. ಇಬ್ಬರ ನಂಬಿಕೆಯೂ ನಿಜವೇ. ಕ್ಷಮೆ ಕೊಡುವವರ ಸ್ವತ್ತು, ನೋಡುವವರು ಅದನ್ನು ಕೇಳಿ ಪಡೆಯುವಂತಿಲ್ಲ. ಅಲ್ಲದೆ ಅವರು ಕ್ಷಮಿಸಿದ್ದು ಒಬ್ಬ ಮನುಷ್ಯನನ್ನು. ಅವನ ಕೈಗೆ ಪಿಸ್ತೂಲು ಕೊಟ್ಟ ವ್ಯವಸ್ಥೆಯನ್ನಲ್ಲ.

ಆ ವ್ಯವಸ್ಥೆಯ ಸಂಗತಿ ಹೀಗಿದೆ. ಮಾದಕವಸ್ತು ಪ್ರಕರಣವೊಂದರ ಕಾರಣ ಅವನಿಗೆ ಬಂದೂಕು ಸಿಗಬಾರದಿತ್ತು. ಹಿನ್ನೆಲೆ ತಪಾಸಣೆ ಮೂರು ಕೆಲಸದ ದಿನಗಳಲ್ಲಿ ಮುಗಿಯದಿದ್ದರೆ ಮಾರಬಹುದು ಎಂಬ ಕಾನೂನಿನ ಕಿಂಡಿಯಲ್ಲಿ ಅದು ಸಿಕ್ಕಿತು. ಆ ಕಿಂಡಿಗೆ ಈಗ ‘ಚಾರ್ಲ್ಸ್‌ಟನ್ ಕಿಂಡಿ’ ಎಂದೇ ಹೆಸರು. ಕುಟುಂಬಗಳು ಮತ್ತು ಬದುಕುಳಿದವರು ಹೂಡಿದ ದಾವೆಯಲ್ಲಿ 2021ರಲ್ಲಿ ಕೇಂದ್ರ ನ್ಯಾಯ ಇಲಾಖೆ 88 ಮಿಲಿಯನ್ ಡಾಲರ್ ಪರಿಹಾರಕ್ಕೆ ಒಪ್ಪಿತು. ಕೊಲೆಗಾರನಿಗೆ 2017ರ ಜನವರಿಯಲ್ಲಿ ಮರಣದಂಡನೆ ವಿಧಿಸಲಾಯಿತು. ದ್ವೇಷಾಪರಾಧಕ್ಕಾಗಿ ಕೇಂದ್ರ ನ್ಯಾಯಾಲಯ ಕೊಟ್ಟ ಮೊದಲ ಮರಣದಂಡನೆ ಅದು.

ಪಿಂಕ್ನಿ ಅವರ ಶವಪೆಟ್ಟಿಗೆಯನ್ನು ಕುದುರೆ ಗಾಡಿಯಲ್ಲಿ ಶಾಸನಸಭೆಗೆ ಒಯ್ದಾಗ, ಗುಲಾಮಗಿರಿಗಾಗಿ ಹೋರಾಡಿದ ಪಡೆಯ ಬಾವುಟ ಅದರ ಆವರಣದಲ್ಲಿ ಇನ್ನೂ ಹಾರುತ್ತಿತ್ತು. 2015ರ ಜೂನ್ 26ರಂದು ಅಧ್ಯಕ್ಷ ಒಬಾಮ ಶ್ರದ್ಧಾಂಜಲಿಯ ನಡುವೆ ಮಾತು ನಿಲ್ಲಿಸಿ ‘ಅಮೇಜಿಂಗ್ ಗ್ರೇಸ್’ ಹಾಡಿದರು. ಆ ಹಾಡು ಬರೆದ ಜಾನ್ ನ್ಯೂಟನ್ ಹಿಂದೊಮ್ಮೆ ಗುಲಾಮರನ್ನು ತುಂಬಿದ ಹಡಗಿನ ನಾವಿಕನಾಗಿ ಇದೇ ಚಾರ್ಲ್ಸ್‌ಟನ್ ಬಂದರಿಗೆ ಬಂದವನು. ಜುಲೈ 10ರಂದು ಬಾವುಟ ಇಳಿಯಿತು. ಇಳಿಸುವ ಕಾನೂನಿಗೆ ಸಹಿ ಹಾಕಿದ ಗವರ್ನರ್ ನಿಕ್ಕಿ ಹೇಲಿ, ಪಂಜಾಬಿನಿಂದ ವಲಸೆ ಹೋದ ಸಿಖ್ ದಂಪತಿಯ ಮಗಳು. ಚರ್ಚಿನ ಹತ್ತಿರದ ಮರಿಯನ್ ಚೌಕದಲ್ಲಿ ಎತ್ತರದ ಕಂಬದ ಮೇಲಿದ್ದ ಕ್ಯಾಲ್ಹೂನ್ ಪ್ರತಿಮೆ 2020ರ ಜೂನ್‌ನಲ್ಲಿ ಇಳಿಯಿತು. ರಸ್ತೆಯ ಹೆಸರು ಹಾಗೇ ಇದೆ. ದ್ವೇಷಾಪರಾಧಗಳ ವಿರುದ್ಧ ರಾಜ್ಯಕ್ಕೊಂದು ಕಾನೂನು ಬೇಕೆಂದು ಪಿಂಕ್ನಿ ಹೆಸರಿನಲ್ಲೇ ತಂದ ಮಸೂದೆ, ಹತ್ತನೇ ವರ್ಷದ ಸ್ಮರಣೆಯ ದಿನ ಬಂದರೂ ಅವರು ಕೂತಿದ್ದ ಸೆನೆಟ್‌ನಲ್ಲಿ ಪಾಸಾಗಿರಲಿಲ್ಲ.

ಹತ್ಯೆ ನಡೆದ ನಾಲ್ಕನೇ ದಿನ, ಭಾನುವಾರ, ಚರ್ಚು ಆರಾಧನೆಗೆ ತೆರೆಯಿತು. ಊರಿನ ಚರ್ಚುಗಳೆಲ್ಲ ಬೆಳಿಗ್ಗೆ 10ಕ್ಕೆ ಒಟ್ಟಿಗೆ ಗಂಟೆ ಬಾರಿಸಿದವು. ಆದರೆ ನನಗೆ ಭಾನುವಾರಕ್ಕಿಂತ ಮುಂದಿನ ಬುಧವಾರ ದೊಡ್ಡದು. ಜೂನ್ 24ರ ಸಂಜೆ, ಅದೇ ಕೆಳಗಿನ ಸಭಾಂಗಣದಲ್ಲಿ, ಸತ್ಯವೇದ ಅಧ್ಯಯನ ಮತ್ತೆ ಸೇರಿತು. ಹಿಂದಿನ ವಾರ ಇದ್ದವರು 12 ಜನ, ಈ ವಾರ ಬಂದವರು ನೂರಕ್ಕೂ ಹೆಚ್ಚು.

2018ರ ಅಕ್ಟೋಬರ್‌ನಲ್ಲಿ ಪಿಟ್ಸ್‌ಬರ್ಗ್‌ನ ಯೆಹೂದ್ಯರ ಸಿನಗಾಗ್‌ನಲ್ಲಿ ದ್ವೇಷದ ಗುಂಡಿಗೆ 11 ಜನ ಬಲಿಯಾದಾಗ, ಇಮ್ಯಾನುವೆಲ್‌ನ ಆಗಿನ ಸಭಾಪಾಲಕ ಎರಿಕ್ ಮ್ಯಾನಿಂಗ್ ಅಲ್ಲಿಗೆ ಧಾವಿಸಿ ಅಲ್ಲಿನ ರಬ್ಬಿಯ ಪಕ್ಕದಲ್ಲಿ ನಿಂತರು. ಧರ್ಮ ಬೇರೆ, ಗಾಯ ಒಂದೇ.

ಚರ್ಚಿನ ಆವರಣಕ್ಕೆಂದು ಸ್ಮಾರಕವೊಂದನ್ನು ರೂಪಿಸಲಾಗಿದೆ. ನ್ಯೂಯಾರ್ಕಿನ ಸೆಪ್ಟೆಂಬರ್ 11ರ ಸ್ಮಾರಕ ವಿನ್ಯಾಸ ಮಾಡಿದ ಮೈಕೆಲ್ ಅರಾಡ್ ಅವರದೇ ಇದರ ನಕ್ಷೆ. ಎದುರುಬದುರು ಬಾಗಿನಿಂತ ಎರಡು ಎತ್ತರದ ಕಲ್ಲಿನ ಆಸನಗಳು, ಅಪ್ಪಿಕೊಳ್ಳಲು ಚಾಚಿದ ತೋಳುಗಳಂತೆ.

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗುವ ನಮ್ಮ ಹಿರಿಯರು ನಯಾಗರ, ಶ್ವೇತಭವನ ನೋಡಿ ಬರುತ್ತಾರೆ. ಚಾರ್ಲ್ಸ್‌ಟನ್ ದಾರಿಯಲ್ಲಿ ಸಿಕ್ಕರೆ ಒಂದು ದಿನ ಇಳಿದುಕೊಳ್ಳಿ. ಗ್ಯಾಡ್ಸ್‌ಡನ್ ಕಟ್ಟೆಯಲ್ಲಿ, ಗುಲಾಮರ ಹಡಗುಗಳು ನಿಲ್ಲುತ್ತಿದ್ದ ಜಾಗದಲ್ಲೇ, 2023ರಲ್ಲಿ ತೆರೆದ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯವನ್ನು ಮೊದಲು ನೋಡಿ. ಆಮೇಲೆ ಕ್ಯಾಲ್ಹೂನ್ ರಸ್ತೆಗೆ ಬನ್ನಿ. ಬೀದಿಯಿಂದ ಫೋಟೊ ತೆಗೆದು ಹೊರಡಬೇಡಿ. ಭಾನುವಾರವಾದರೆ ಮೆಟ್ಟಿಲು ಹತ್ತಿ ಒಳಗೆ ಹೋಗಿ ಕುಳಿತುಕೊಳ್ಳಿ. ಹೊರಗಿನಿಂದ ಬಂದವರಿಗೆ ಪಕ್ಕದಲ್ಲಿ ಜಾಗ ಕೊಡುವುದನ್ನು ಆ ಸಭೆ ನಿಲ್ಲಿಸಿಲ್ಲ.